ಹೊಸಬ ಎಂಬ ಹಳೆಯ ಹೆಸರು

ಟೆನಿಸ್ ನೋಡುವ ಮಕ್ಕಳಿಗೆಲ್ಲ ನೊವಾಕ್ ಜೊಕೊವಿಚ್ ಗೊತ್ತು. ಅವನು ಸರ್ಬಿಯಾ ದೇಶದವನು. ನೊವಾಕ್ ಎಂಬುದು ಅವನಿಗೆ ತಂದೆ ತಾಯಿ ಇಟ್ಟ ಹೆಸರು. ಅಲ್ಲಿಂದ ಉತ್ತರಕ್ಕೆ ಪೋಲೆಂಡ್ ದೇಶಕ್ಕೆ ಹೋದರೆ ಇದೇ ನೊವಾಕ್ ಮನೆತನದ ಹೆಸರಾಗಿಬಿಡುತ್ತದೆ. ಆ ದೇಶದಲ್ಲಿ ಎಲ್ಲಕ್ಕಿಂತ ಹೆಚ್ಚು ಜನ ಇಟ್ಟುಕೊಂಡಿರುವ ಅಡ್ಡಹೆಸರು ಅದೇ. ಈ ವಾರ ಅದರ ಕಥೆ ಹೇಳುತ್ತೇನೆ.

ಪೋಲಿಷ್ ಭಾಷೆಯಲ್ಲಿ 'ನೋವಿ' ಎಂದರೆ ಹೊಸದು. ನವವಧು, ನವೀನ ಎನ್ನುತ್ತೇವಲ್ಲ, ಆ ಸಂಸ್ಕೃತದ 'ನವ' ಮತ್ತು ಈ 'ನೋವಿ' ಎರಡೂ ಒಂದೇ ಬೇರಿನ ಮಾತುಗಳು. ಸಾವಿರಾರು ವರ್ಷ ಹಿಂದೆ ಒಂದೇ ಮೂಲದಿಂದ ಹೊರಟು ಒಂದು ಈ ಕಡೆ ಬಂತು, ಒಂದು ಆ ಕಡೆ ಹೋಯಿತು. ನೊವಾಕ್ ಎಂದರೆ ಹೊಸಬ, ಊರಿಗೆ ಹೊಸದಾಗಿ ಬಂದವನು.

ಹಿಂದಿನ ಕಾಲದಲ್ಲಿ ಅಲ್ಲಿನ ಹಳ್ಳಿಗರಿಗೆ ಅಡ್ಡಹೆಸರೇ ಇರಲಿಲ್ಲ. ಒಂದು ಊರಲ್ಲಿ ನಾಲ್ಕು ಜನ ಯಾನ್ ಇದ್ದರೆ ಗುರುತಿಸುವುದು ಹೇಗೆ? ಕುಲುಮೆ ಇಟ್ಟವನು ಕಮ್ಮಾರ ಯಾನ್, ಗಿರಣಿಯವನು ಗಿರಣಿ ಯಾನ್. ನಾಲ್ಕನೆಯವನ ಪೂರ್ವೋತ್ತರ ಯಾರಿಗೂ ತಿಳಿಯದು, ಹೋದ ವರ್ಷ ಗಾಡಿಯಲ್ಲಿ ಸಾಮಾನು ಹೇರಿಕೊಂಡು ಬಂದವನು. ಅವನು ಹೊಸಬ ಯಾನ್. ಕಾಡು ಕಡಿದು ಹೊಸ ಹಳ್ಳಿಗಳನ್ನು ಕಟ್ಟುತ್ತಿದ್ದ ಕಾಲ ಅದು, ಜನ ಬದುಕು ಅರಸಿ ಊರಿಂದೂರಿಗೆ ಹೋಗುತ್ತಿದ್ದರು. ಹಾಗಾಗಿ ಪ್ರತಿ ಊರಿಗೂ ಒಬ್ಬ ಹೊಸಬ ಇದ್ದೇ ಇದ್ದ. ಈಗಿನ ನೊವಾಕರೆಲ್ಲ ಒಬ್ಬ ಮೂಲಪುರುಷನ ಸಂತಾನವಲ್ಲ ಎಂಬುದನ್ನು ಇದರಿಂದ ತಿಳಿಯಬಹುದು. ಒಂದೊಂದು ಊರಲ್ಲಿ ಒಂದೊಂದು ಸಲ ಹುಟ್ಟಿಕೊಂಡ ಹೆಸರು ಅದು.

ನಾನು ಬ್ಯಾಂಕಿನಲ್ಲಿದ್ದಾಗ ವರ್ಗವಾಗಿ ಹೋದ ಪ್ರತಿ ಊರಲ್ಲೂ ಆರು ತಿಂಗಳು 'ಹೊಸ ಗುಮಾಸ್ತರು' ಆಗಿರುತ್ತಿದ್ದೆ. ಆಮೇಲೆ ಆ ಮಾತು ತಾನಾಗಿ ನಿಂತುಹೋಗುತ್ತಿತ್ತು. ಪಾಪ, ಪೋಲೆಂಡಿನ ಹೊಸಬನಿಗೆ ಅದು ನಿಲ್ಲಲೇ ಇಲ್ಲ. ಅವನ ಮಗ ಅದೇ ಊರಲ್ಲಿ ಹುಟ್ಟಿದ, ಆದರೂ ಹೊಸಬ. ಮೊಮ್ಮಗ ಊರಿನ ಹಿರಿಯನಾಗಿ ನ್ಯಾಯ ಹೇಳುವಂತಾದ, ಆಗಲೂ ಹೊಸಬ. ಊರವರು ದೂರ ಇಡಲು ಕೊಟ್ಟ ಹೆಸರೋ ಸುಮ್ಮನೆ ಗುರುತಿಗೆ ಕೊಟ್ಟದ್ದೋ, ಅಂತೂ ಆ ಮನೆತನಕ್ಕೆ ಅದೇ ಅಂಟಿಕೊಂಡಿತು.

ಇಂದು ಪೋಲೆಂಡಿನಲ್ಲಿ ಸುಮಾರು 2 ಲಕ್ಷ ನೊವಾಕರಿದ್ದಾರೆ. ಜನಸಂಖ್ಯೆ 4 ಕೋಟಿಗಿಂತ ತುಸು ಕಡಿಮೆ. ಭಾಗಾಕಾರ ಮಾಡಿ ನೋಡಿ ಮಕ್ಕಳೇ, ಹೆಚ್ಚುಕಡಿಮೆ 200 ಮಂದಿಗೆ ಒಬ್ಬರು 'ಹೊಸಬರು' ಸಿಗುತ್ತಾರೆ. ಪಕ್ಕದ ಜೆಕ್ ದೇಶದಲ್ಲೂ ಸ್ಲೊವೇನಿಯಾದಲ್ಲೂ ಇದೇ ಹೆಸರಿಗೆ ಮೊದಲ ಸ್ಥಾನ.

ಎರಡನೆಯ ಸ್ಥಾನ ಕಮ್ಮಾರನದು. ಕಮ್ಮಾರನಿಗೆ ಅವರು 'ಕೊವಾಲ್' ಎನ್ನುತ್ತಾರೆ, ಅದರಿಂದ ಕೊವಾಲ್ಸ್ಕಿ. ಕಮ್ಮಾರನ ಮಗ ಕೊವಾಲ್ಚಿಕ್, ಅದೂ ದೊಡ್ಡ ಮನೆತನವೇ. ಕೊವಾಲ್ಸ್ಕಿಯ ಕೊನೆಯಲ್ಲಿರುವ 'ಸ್ಕಿ' ಬಗ್ಗೆ ಮಾತ್ರ ಸ್ವಲ್ಪ ನಿಂತು ಹೇಳಬೇಕು. ಮೊದಲು ಅದು ಜಮೀನ್ದಾರರ ಸೊತ್ತಾಗಿತ್ತು. ತಾರ್ನುವ್ ಊರಿನ ಒಡೆಯ ತಾರ್ನೋವ್ಸ್ಕಿ, ಅಂದರೆ ತಾರ್ನುವಿನವನು. 'ಸ್ಕಿ' ಇದ್ದರೆ ಹಿಂದೆ ಒಂದು ಊರು, ಒಂದು ಜಹಗೀರು ಇದೆ ಎಂದು ಅರ್ಥ. ಅದನ್ನು ಕಂಡ ಉಳಿದವರು ಸುಮ್ಮನಿರುತ್ತಾರೆಯೇ? ಜಮೀನಿಲ್ಲದಿದ್ದರೇನು, ಬಾಲಕ್ಕೇನು ಕಂದಾಯವೇ ಎಂದು ಕಮ್ಮಾರರೂ ರೈತರೂ ತಮ್ಮ ಹೆಸರಿಗೆ ಅದನ್ನು ಸೇರಿಸಿಕೊಂಡರು. ಈಗ ಯಾನ್ ಕೊವಾಲ್ಸ್ಕಿ ಎಂದರೆ ಪೋಲೆಂಡಿನಲ್ಲಿ 'ಯಾರೋ ಒಬ್ಬ ಸಾಮಾನ್ಯ ಮನುಷ್ಯ' ಎಂದೇ ಅರ್ಥ. ಅರ್ಜಿ ತುಂಬುವುದು ಹೇಗೆಂದು ತೋರಿಸುವ ಮಾದರಿಯಲ್ಲಿ ಬರೆಯುವುದು ಅವನ ಹೆಸರನ್ನೇ.

ಇನ್ನು ಹೆಂಗಸರ ವಿಷಯ. ಅಪ್ಪ ಕೊವಾಲ್ಸ್ಕಿ ಆದರೆ ಅಮ್ಮ ಕೊವಾಲ್ಸ್ಕಾ, ಮಗಳೂ ಕೊವಾಲ್ಸ್ಕಾ. ಫುಟ್‌ಬಾಲ್ ಆಟಗಾರ ಲೆವಾಂಡೋವ್ಸ್ಕಿಯ ಹೆಂಡತಿ ಲೆವಾಂಡೋವ್ಸ್ಕಾ. ನಮ್ಮ ಕಾಲದ ಬ್ಯಾಂಕಿನಲ್ಲಿ ಅಪ್ಪನ ಪಾಸ್‌ಬುಕ್ಕಿನಲ್ಲಿ ಒಂದು, ಮಗಳ ಪಾಸ್‌ಬುಕ್ಕಿನಲ್ಲಿ ಇನ್ನೊಂದು ಇದ್ದಿದ್ದರೆ ಅಫಿಡವಿಟ್ ತರದೆ ಕೌಂಟರಿನಿಂದ ಅಲ್ಲಾಡಿಸುತ್ತಿರಲಿಲ್ಲ! ನೊವಾಕ್ ಹೆಸರಿಗೆ ಹಿಂದೆ ಇನ್ನೂ ಸೂಕ್ಷ್ಮವಾದ ಲೆಕ್ಕವಿತ್ತು. ನೊವಾಕನ ಹೆಂಡತಿ ನೊವಾಕೊವಾ, ಮದುವೆಯಾಗದ ಮಗಳು ನೊವಾಕುವ್ನಾ. ಹೆಸರು ಕೇಳಿದೊಡನೆ ಮದುವೆಯಾಗಿದೆಯೋ ಇಲ್ಲವೋ ತಿಳಿಯುತ್ತಿತ್ತು. ಈಗ ಅದು ಬಹುಮಟ್ಟಿಗೆ ಬಿಟ್ಟುಹೋಗಿದೆ, ಎಲ್ಲರೂ ನೊವಾಕ್. ಅದೇ ಒಳ್ಳೆಯದು ಎಂದು ನನ್ನ ಅಭಿಪ್ರಾಯ. ಹೆಣ್ಣುಮಗಳ ಮದುವೆಯ ಸಮಾಚಾರ ಊರಿಗೆಲ್ಲ ಯಾಕೆ?

ಅಮೆರಿಕಕ್ಕೆ ವಲಸೆ ಹೋದ ಪೋಲಿಷರ ಮನೆಗಳಲ್ಲಿ ಈ ಭೇದವೂ ಅಳಿಸಿಹೋಯಿತು. ಅಲ್ಲಿನ ದಾಖಲೆಗಳಲ್ಲಿ ಅಪ್ಪನ ಹೆಸರೇ ಮಗಳಿಗೂ. ಹೀಗಾಗಿ ಪೋಲೆಂಡಿನಲ್ಲಿರುವ ಅಜ್ಜಿ ಕೊವಾಲ್ಸ್ಕಾ, ಅಮೆರಿಕದ ಮೊಮ್ಮಗಳು ಕೊವಾಲ್ಸ್ಕಿ.

ಪರದೇಶಕ್ಕೆ ಹೋದರೂ ತನ್ನ 'ಸ್ಕಾ' ಬಿಡದ ಒಬ್ಬಾಕೆಯನ್ನು ನೀವೆಲ್ಲ ಬಲ್ಲಿರಿ, ಬೇರೆ ಹೆಸರಿನಿಂದ. ಮೇರಿ ಕ್ಯೂರಿ. 1867ರಲ್ಲಿ ವಾರ್ಸಾದಲ್ಲಿ ಹುಟ್ಟಿದಾಗ ಆಕೆ ಮಾರಿಯಾ ಸ್ಕ್ಲೊಡೊವ್ಸ್ಕಾ. ತಂದೆ ಸ್ಕ್ಲೊಡೊವ್ಸ್ಕಿ ಗಣಿತ, ಭೌತಶಾಸ್ತ್ರದ ಮೇಷ್ಟ್ರು. ಆಗ ಪೋಲೆಂಡ್ ಎಂಬ ದೇಶವೇ ಭೂಪಟದಲ್ಲಿರಲಿಲ್ಲ. ರಷ್ಯಾ, ಪ್ರಷ್ಯಾ, ಆಸ್ಟ್ರಿಯಾ ಮೂವರೂ ಸೇರಿ 1795ರ ಹೊತ್ತಿಗೆ ಅದನ್ನು ಪೂರ್ತಿ ಹಂಚಿಕೊಂಡಿದ್ದರು. ಆಕೆ ಹುಟ್ಟುವ ಹೊತ್ತಿಗೆ ವಾರ್ಸಾ ರಷ್ಯಾದ ಆಳ್ವಿಕೆಯಲ್ಲಿತ್ತು. ಶಾಲೆಯಲ್ಲಿ ರಷ್ಯನ್ ಭಾಷೆಯೇ ನಡೆಯಬೇಕು, ಸ್ವಂತ ನಾಡಿನ ಚರಿತ್ರೆಯನ್ನು ಕದ್ದುಮುಚ್ಚಿ ಕಲಿಯಬೇಕು. ನಾಡು, ಬಾವುಟ, ಪಾಠದ ಭಾಷೆ ಎಲ್ಲ ಹೋದ ಮೇಲೆ ಮನೆಯವರ ಬಳಿ ಉಳಿದ ಕೆಲವೇ ಆಸ್ತಿಗಳಲ್ಲಿ ಹೆಸರೂ ಒಂದು. 1891ರಲ್ಲಿ ಓದಲು ಪ್ಯಾರಿಸಿಗೆ ಹೋದಳು, 1895ರಲ್ಲಿ ಪಿಯರ್ ಕ್ಯೂರಿಯನ್ನು ಮದುವೆಯಾದಳು. ಫ್ರೆಂಚರಿಗೆ ಆಕೆ ಮದಾಮ್ ಕ್ಯೂರಿ. ಆಕೆ ಮಾತ್ರ ಹುಟ್ಟಿದ ಮನೆಯ ಹೆಸರನ್ನೂ ಜೊತೆಗೆ ಬರೆಯುತ್ತಿದ್ದಳು, ಹೆಣ್ಣುಮಕ್ಕಳಿಬ್ಬರಿಗೂ ಪೋಲಿಷ್ ಕಲಿಸಿದಳು. 1898ರಲ್ಲಿ ಗಂಡ ಹೆಂಡತಿ ಕಂಡುಹಿಡಿದ ಹೊಸ ಧಾತುವಿಗೆ ಪೊಲೋನಿಯಮ್ ಎಂದು ಹೆಸರಿಟ್ಟರು. ಭೂಪಟದಲ್ಲಿಲ್ಲದ ದೇಶ ಧಾತುಗಳ ಪಟ್ಟಿಗೆ ಸೇರಿತು! ಪೋಲೆಂಡ್ ಮತ್ತೆ ಸ್ವತಂತ್ರವಾದದ್ದು ಅದಾಗಿ ಇಪ್ಪತ್ತು ವರ್ಷಕ್ಕೆ, 1918ರಲ್ಲಿ. ಇಂದಿಗೂ ಪೋಲಿಷರ ಮುಂದೆ ಬರಿಯ ಮೇರಿ ಕ್ಯೂರಿ ಎಂದರೆ ಮುಖ ಸಣ್ಣದು ಮಾಡುತ್ತಾರಂತೆ. ಯುರೋಪಿಯನ್ ಒಕ್ಕೂಟ ಆಕೆಯ ಹೆಸರಲ್ಲಿ ಸಂಶೋಧಕರಿಗೆ ಕೊಡುವ ನೆರವಿನ ಯೋಜನೆಯಲ್ಲೂ ಈಗ ಸ್ಕ್ಲೊಡೊವ್ಸ್ಕಾ ಸೇರಿಕೊಂಡಿದೆ.

ಇನ್ನೊಂದು ಸ್ವಾರಸ್ಯ. ನಮ್ಮಂತೆ ಅವರೂ ಹೆಸರಿಗೆ ವಿಭಕ್ತಿ ಹಚ್ಚುತ್ತಾರೆ. ನಾವು ರಾಮ, ರಾಮನ, ರಾಮನಿಗೆ ಎನ್ನುವಂತೆ ಅವರು ನೊವಾಕ್, ನೊವಾಕಾ, ನೊವಾಕೊವಿ ಎನ್ನುತ್ತಾರೆ. ಇಂಗ್ಲಿಷಿನವರಿಗೆ ಇದು ತಲೆನೋವು. ವ್ಯಾಕರಣದ ಮೇಷ್ಟ್ರ ಕೈಲಿ ಕಿವಿ ಹಿಂಡಿಸಿಕೊಂಡು ವಿಭಕ್ತಿ ಕಲಿತ ನಮ್ಮ ಅಜ್ಜ ಅಜ್ಜಿಯರಿಗೆ ಇದೇನು ಮಹಾ!

'ಸ್ಕಾ' ಇರುವ ಒಂದು ಹೆಸರು ನಮ್ಮ ಮೈಸೂರಿಗೂ ಬಂದಿತ್ತು. ವಾಂಡಾ ಡಿನೋವ್ಸ್ಕಾ ಎಂಬ ಪೋಲಿಷ್ ಹೆಣ್ಣುಮಗಳು ಭಾರತಕ್ಕೆ ಬಂದು ಇಲ್ಲಿಯವರೇ ಆಗಿ, ಉಮಾದೇವಿ ಎನಿಸಿಕೊಂಡರು. ಭಗವದ್ಗೀತೆಯನ್ನು ಪೋಲಿಷ್ ಭಾಷೆಗೆ ತಂದರು. ಇಳಿವಯಸ್ಸಿನಲ್ಲಿ ಊರು ಬಿಟ್ಟು ಬಂದ ಟಿಬೆಟಿಯನ್ ಮಕ್ಕಳ ಆರೈಕೆಗೆ ನಿಂತರು. ಆ ಪೋಲಿಷ್ ಉಮಾದೇವಿ 1971ರಲ್ಲಿ ತೀರಿಕೊಂಡದ್ದು ಮೈಸೂರಿನಲ್ಲೇ.