‘ಕಾಕ್ಕಾ’ನೂ ಸರಿ, ‘ಕಾಗೆ’ಯೂ ಸರಿ!

ಚಾಂಪಿಯನ್ ರೀಫ್ಸಿನ ಲೈನ್ ಮನೆಯಲ್ಲಿ ಮೂರು ವರ್ಷದ ಮಗುವಿಗೆ ಕಾಗೆಯ ಚಿತ್ರ ತೋರಿಸಿ. ‘ಕಾಕ್ಕಾ’ ಎನ್ನುತ್ತೆ. ಪಕ್ಕದ ಮನೆಯ ತೆಲುಗು ಮಗು ‘ಕಾಕಿ’ ಎನ್ನುತ್ತೆ. ಚಿತ್ರದ ಕೆಳಗೆ ಅಚ್ಚಾಗಿರುವುದು ‘ಕಾಗೆ’. ಹಕ್ಕಿ ಒಂದೇ. ಜಗಳವೇ ಇಲ್ಲ!

ಜಗಳ ಶುರುವಾಗುವುದು ಸ್ಕೂಲಿನಲ್ಲಿ. ಅಲ್ಲಿ ಕನ್ನಡ ಪದ್ಯವೆಂದರೆ ಕಂಠಪಾಠ. ಒಂದು ಸಾಲು ತಪ್ಪಿದರೆ ಮಾರ್ಕ್ಸ್ ಹೋಯಿತು. ಹಾಡಾಗಿ ಬರಬೇಕಾದ ಭಾಷೆ ಹೆದರಿಕೆಯಾಗಿ ಬರುತ್ತದೆ.

ಇದಕ್ಕೆ ಮದ್ದು ಚಿತ್ರದ ಪದ್ಯ ಪುಸ್ತಕ, ಅದೂ ಸ್ಕೂಲಿಗೆ ಸೇರುವ ಮೊದಲೇ. ಅರ್ಥವನ್ನು ಚಿತ್ರ ಹೇಳುತ್ತೆ, ತಾಳವನ್ನು ಪದ್ಯ ಹಿಡಿಯುತ್ತೆ. ನಾಲ್ಕು ದಿನ ಓದಿದ ಮೇಲೆ, ಪುಟ ತಿರುಗಿಸುವ ಮೊದಲೇ ಮಗು ಪ್ರಾಸದ ಮಾತು ಕೂಗಿತೆಂದರೆ ಅರ್ಧ ಕೆಲಸ ಮುಗಿದಂತೆ. ಅಕ್ಷರ ನಿಧಾನವಾಗಿ ಬರಲಿ.

ಮನೆಯಲ್ಲಿ ತಮಿಳು, ಕನ್ನಡ ಎಲ್ಲಿಂದ ಬಂದೀತು ಎನ್ನುವವರುಂಟು. ಇದೇ ಕೋಲಾರ ಜಿಲ್ಲೆಯಲ್ಲಿ 1891ರಲ್ಲಿ ಹುಟ್ಟಿದ ಮಾಸ್ತಿಯವರ ಮನೆಮಾತು ತಮಿಳೇ. ಅವರಿಗೆ 1983ರ ಜ್ಞಾನಪೀಠ ಬಂದದ್ದು ಕನ್ನಡದ ಬರಹಕ್ಕೆ. ಕನ್ನಡದ ಮಕ್ಕಳಿಗೆ ‘ತುತ್ತೂರಿ’ ಕೊಟ್ಟ ಜಿ.ಪಿ. ರಾಜರತ್ನಂ ಅವರ ಹಿರಿಯರೂ ತಮಿಳುನಾಡಿನ ಕಡೆಯವರೇ. ಅಡ್ಡಿ ಏನಾಯಿತು?

ಇನ್ನು ಪುರುಸೊತ್ತಿನ ಮಾತು. 2001ರಲ್ಲಿ ಗಣಿ ಮುಚ್ಚಿದ ಮೇಲೆ ಊರಿನ ಅನ್ನ ಬೆಂಗಳೂರಿನಲ್ಲಿದೆ. ಅಪ್ಪ ರೈಲು ಹಿಡಿಯುವಾಗ ಮಗು ಎದ್ದಿರೋದಿಲ್ಲ, ವಾಪಸ್ ಬರುವಾಗ ಮಲಗುವ ಹೊತ್ತು. ಆದರೂ ಪದ್ಯಕ್ಕೆ ಬೇಕಾದದ್ದು ಐದು ನಿಮಿಷ. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಿಂದ ‘ಸ್ಟೋರಿವೀವರ್’ ತಾಣದಲ್ಲಿ ಚಿತ್ರಪುಸ್ತಕಗಳನ್ನು ಬಿಟ್ಟಿಯಾಗಿ ಇಟ್ಟಿದೆ. ಕನ್ನಡದಲ್ಲೂ ಉಂಟು, ತಮಿಳು, ತೆಲುಗಿನಲ್ಲೂ ಉಂಟು. ಬಂಗಾರಪೇಟೆ ದಾಟುವಷ್ಟರಲ್ಲಿ ಅಪ್ಪ ಫೋನಿನಲ್ಲೇ ಒಂದು ಪುಸ್ತಕ ಓದಿಕೊಳ್ಳಬಹುದು. ಕನ್ನಡ ಓದಲು ಬಾರದ ಅಮ್ಮ ಚಿತ್ರ ನೋಡಿ ತನ್ನ ಮಾತಿನಲ್ಲೇ ಹೇಳಲಿ. ಅದೂ ಓದೇ.

ಆದರೆ ಫೋನು ಮಡಿಲಲ್ಲಿ ಹರಡಿಟ್ಟ ಪುಸ್ತಕಕ್ಕೆ ಸಮನಲ್ಲ. ರಾಬರ್ಟ್‌ಸನ್‌ಪೇಟೆಯ ಅಂಗಡಿಯವರು ಕಟ್ಟುವ ಆಸ್ತಿ ತೆರಿಗೆಯ ಜೊತೆ, 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ, ಗ್ರಂಥಾಲಯ ಕರವೂ ಸೇರಿರುತ್ತೆ. ದುಡ್ಡು ಕೊಟ್ಟವರು ಪುಟ್ಟ ಮಕ್ಕಳ ಕೈಗೆ ಎಟುಕುವಂತೆ ಚಿತ್ರಪುಸ್ತಕಗಳ ಒಂದು ತಗ್ಗಿನ ಶೆಲ್ಫು ಕೇಳಿದರೆ ತಪ್ಪೇನು? ಸ್ಲೇಟು, ಪೆನ್ಸಿಲ್ ಮಾರುವ ಅಂಗಡಿಯವರೂ ಮುಂದುಗಡೆ ನಾಲ್ಕು ಪದ್ಯ ಪುಸ್ತಕ ನೇತುಹಾಕಿದರೆ ನಷ್ಟವಿಲ್ಲ.

ಚಿನ್ನಕ್ಕಾಗಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದ ಊರು ಇದು. ಮಕ್ಕಳಿಗಾಗಿ ಚಾಪೆಯ ಮೇಲೆ ಐದು ನಿಮಿಷ ಕೂರುವುದು ಕಷ್ಟವೇ? ಮಗು ‘ಕಾಕ್ಕಾ’ ಎಂದರೆ ಗದರಿಸುವುದು ಬೇಡ. ‘ಕಾಗೆ’ ಹಿಂದೆಯೇ ಹಾರಿ ಬರುತ್ತೆ.