ಓದುವವರಿಗೆ ಕೆಲಸ: ವಿಳಾಸವಿಲ್ಲದ ಮಾಲೀಕರ ಬಗ್ಗೆ ಇರಲಿ ಎಚ್ಚರ

ಸುರೇಬಾನ: ಓದುತ್ತಲೇ ದುಡಿಯುವುದು ರಾಮದುರ್ಗ ತಾಲ್ಲೂಕಿನ ಈ ಭಾಗದ ವಿದ್ಯಾರ್ಥಿಗಳಿಗೆ ಹೊಸದೇನಲ್ಲ. ನೇಕಾರರ ಮನೆಯ ಹುಡುಗ ಮಗ್ಗದ ಮುಂದೆ ಕುಳಿತು, ರೈತರ ಮನೆಯ ಹುಡುಗಿ ಸುಗ್ಗಿಯಲ್ಲಿ ಹೊಲಕ್ಕಿಳಿದು, ಇನ್ನೊಬ್ಬ ಕಿರಾಣಿ ಅಂಗಡಿಯ ಲೆಕ್ಕ ಬರೆದು ಶುಲ್ಕ ಮತ್ತು ಪುಸ್ತಕದ ಖರ್ಚು ಹೊಂದಿಸಿಕೊಳ್ಳುವುದು ವಾಡಿಕೆ. ಇಂತಹ ಕೆಲಸದಲ್ಲಿ ಪಗಾರ ಕಡಿಮೆ ಇರಬಹುದು. ಆದರೆ ಮಾಲೀಕ ಯಾರು, ಅವನ ಮನೆ ಯಾವ ಓಣಿಯಲ್ಲಿದೆ ಎಂಬುದು ಊರಿಗೇ ಗೊತ್ತಿರುತ್ತದೆ. ಬಟವಾಡೆ ತಪ್ಪಿದರೆ ಹೋಗಿ ಕೇಳಲು ಒಂದು ಬಾಗಿಲು ಇರುತ್ತದೆ.

ಮೊಬೈಲ್ ಫೋನಿನ ಮೂಲಕ ಬರುವ ಅರೆಕಾಲಿಕ ಉದ್ಯೋಗಕ್ಕೆ ಇಂತಹ ಬಾಗಿಲೇ ಇಲ್ಲ. ಸಮಸ್ಯೆಯ ಮೂಲ ಇರುವುದು ಇಲ್ಲಿಯೇ.

ಕೇಂದ್ರ ಗೃಹ ಸಚಿವಾಲಯವು 2023ರ ಡಿಸೆಂಬರ್‌ನಲ್ಲಿ ಹೂಡಿಕೆ ಹಾಗೂ ಅರೆಕಾಲಿಕ ಉದ್ಯೋಗದ ಹೆಸರಿನಲ್ಲಿ ವಂಚಿಸುತ್ತಿದ್ದ ನೂರಕ್ಕೂ ಹೆಚ್ಚು ಜಾಲತಾಣಗಳನ್ನು ನಿರ್ಬಂಧಿಸಿತು. ಅವುಗಳನ್ನು ನಡೆಸುತ್ತಿದ್ದವರು ವಿದೇಶಗಳಲ್ಲಿದ್ದರು. ನಿವೃತ್ತರು, ಮಹಿಳೆಯರು ಮತ್ತು ಕೆಲಸ ಹುಡುಕುವ ಯುವಜನರೇ ಅವರ ಗುರಿಯಾಗಿದ್ದರು. ‘ಮನೆಯಲ್ಲೇ ಕುಳಿತು ಗಳಿಸಿ’ ಎಂಬ ಜಾಹೀರಾತು, ಬಳಿಕ ವಾಟ್ಸ್‌ಆ್ಯಪ್ ಅಥವಾ ಟೆಲಿಗ್ರಾಂ ಸಂಭಾಷಣೆ, ವಿಡಿಯೊಗೆ ಲೈಕ್ ಒತ್ತುವ ಸುಲಭ ಕೆಲಸ, ಅದಕ್ಕೆ ತಕ್ಷಣವೇ ಸಣ್ಣ ಕಮಿಷನ್. ವಿಶ್ವಾಸ ಮೂಡಿದ ಮೇಲೆ ಹೆಚ್ಚು ಲಾಭಕ್ಕಾಗಿ ಹಣ ಕಟ್ಟುವಂತೆ ಸೂಚನೆ. ದೊಡ್ಡ ಮೊತ್ತ ಕಟ್ಟಿದ ಮರುಗಳಿಗೆಯೇ ಎಲ್ಲವೂ ಸ್ಥಗಿತ. ಮೊದಲು ಕೈಸೇರಿದ ಆ ಸಣ್ಣ ಹಣ ದುಡಿಮೆಯ ಫಲವಾಗಿರದೆ ಗಾಳಕ್ಕೆ ಸಿಕ್ಕಿಸಿದ ಎರೆಯಾಗಿತ್ತು.

ಮೋಸ ಹಳೆಯದು, ವೇಷ ಮಾತ್ರ ಹೊಸದು. 2011ರಲ್ಲಿ ‘ಸ್ಪೀಕ್ ಏಷ್ಯಾ’ ಸಂಸ್ಥೆ ಸಮೀಕ್ಷೆ ತುಂಬುವ ಕೆಲಸದ ಹೆಸರಿನಲ್ಲಿ ಸದಸ್ಯತ್ವ ಶುಲ್ಕ ಪಡೆದು ಪೊಲೀಸ್ ತನಿಖೆಗೆ ಒಳಗಾಯಿತು. ಸರಣಿ ಮಾರಾಟದ ‘ಇ-ಬಿಜ್’ ಪ್ರಕರಣದಲ್ಲಿ 2019ರಲ್ಲಿ ಸೈಬರಾಬಾದ್ ಪೊಲೀಸರು ಸಂಸ್ಥೆಯ ಮುಖ್ಯಸ್ಥರನ್ನು ಬಂಧಿಸಿದರು. ಸದಸ್ಯರನ್ನು ಸೇರಿಸುತ್ತ ಹೋಗಿ ಹಣ ಗಳಿಸುವ ಯೋಜನೆಗಳನ್ನು 1978ರ ಕಾಯ್ದೆಯೇ ನಿಷೇಧಿಸಿದೆ. 2021ರ ನೇರ ಮಾರಾಟ ನಿಯಮಗಳೂ ಪಿರಮಿಡ್ ಮಾದರಿಗೆ ಅವಕಾಶ ನೀಡಿಲ್ಲ. ಹೀಗಿದ್ದರೂ ಇಂತಹ ಜಾಲ ಹಳ್ಳಿಯನ್ನು ತಲುಪುವುದು ಅಪರಿಚಿತರ ಮೂಲಕವಲ್ಲ. ಮೊದಲೇ ಸೇರಿದ ಸಹಪಾಠಿ ಅಥವಾ ಬಂಧುವಿನ ಮೂಲಕ. ಆದ್ದರಿಂದಲೇ ಹಣದ ಜೊತೆಗೆ ಸ್ನೇಹ ಸಂಬಂಧವೂ ಹಾಳಾಗುತ್ತದೆ.

ಖಾತೆಯ ಬಾಡಿಗೆ

ಹಣ ಕಳೆದುಕೊಳ್ಳುವುದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ‘ನಿಮ್ಮ ಬ್ಯಾಂಕ್ ಖಾತೆಗೆ ಹಣ ಬರುತ್ತದೆ, ಕಮಿಷನ್ ಹಿಡಿದುಕೊಂಡು ಉಳಿದದ್ದನ್ನು ಮುಂದಕ್ಕೆ ಕಳುಹಿಸಿ’ ಎಂಬ ಕೆಲಸವದು. ಪಾಸ್‌ಬುಕ್, ಎಟಿಎಂ ಕಾರ್ಡ್ ಮತ್ತು ಸಿಮ್ ಒಪ್ಪಿಸಿದರೆ ಸಾಕು ಎನ್ನುವವರೂ ಇದ್ದಾರೆ. ಆ ಹಣ ಬೇರೆಲ್ಲೋ ವಂಚನೆಗೊಳಗಾದವರದು. ತನಿಖೆ ಆರಂಭವಾದಾಗ ಪೊಲೀಸರಿಗೆ ಮೊದಲು ಸಿಗುವುದು ಖಾತೆದಾರನ ಹೆಸರೇ ಹೊರತು ಸೂತ್ರಧಾರನ ಹೆಸರಲ್ಲ. ಖಾತೆ ಸ್ಥಗಿತಗೊಂಡರೆ ಅದೇ ಖಾತೆಗೆ ಜಮೆಯಾಗುವ ವಿದ್ಯಾರ್ಥಿವೇತನವೂ ಸಿಕ್ಕಿಹಾಕಿಕೊಳ್ಳುತ್ತದೆ. ಮೊಕದ್ದಮೆ ದಾಖಲಾದರೆ ಮುಂದೆ ಸರ್ಕಾರಿ ನೌಕರಿಗೆ ನಡೆಯುವ ಪೂರ್ವಾಪರ ಪರಿಶೀಲನೆಗೂ ತೊಡಕು. ಪೊಲೀಸ್ ಪೇದೆ ಇಲ್ಲವೇ ಶಿಕ್ಷಕ ಹುದ್ದೆಯ ಕನಸು ಕಾಣುವ ಗ್ರಾಮೀಣ ವಿದ್ಯಾರ್ಥಿಗೆ ಇದಕ್ಕಿಂತ ದೊಡ್ಡ ಹೊಡೆತ ಬೇರಿಲ್ಲ.

ಎಚ್ಚರ ವಹಿಸಲು ಕಾನೂನು ಪಂಡಿತರಾಗಬೇಕಿಲ್ಲ. ಕೆಲಸ ಕೊಡುವವನು ಪಗಾರ ಕೊಡಬೇಕೇ ವಿನಾ ನೋಂದಣಿ, ತರಬೇತಿ, ಠೇವಣಿ ಎಂದು ಹಣ ಕೇಳಬಾರದು. ಕಚೇರಿ ಎಲ್ಲಿದೆ, ಕೆಲಸ ಏನು, ಗಂಟೆ ಎಷ್ಟು, ಪಗಾರ ಯಾವಾಗ ಎಂಬ ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಸಿಗಬೇಕು. ಮೂಲ ಅಂಕಪಟ್ಟಿ ಮತ್ತು ಒಟಿಪಿ ಯಾರ ಕೈಗೂ ಹೋಗಬಾರದು. ಮೋಸ ನಡೆದಿದ್ದರೆ ನಾಚಿಕೆ ಬದಿಗಿಟ್ಟು ಕೂಡಲೇ 1930 ಸಹಾಯವಾಣಿಗೆ ಕರೆ ಮಾಡಬೇಕು. ಹಣ ಇನ್ನೊಂದು ಖಾತೆಗೆ ದಾಟುವ ಮೊದಲೇ ತಡೆಯಲು ಅಲ್ಲಿ ಪ್ರತಿ ನಿಮಿಷವೂ ಮುಖ್ಯ.

ಆದರೆ ಹೊಣೆಯನ್ನೆಲ್ಲ ವಿದ್ಯಾರ್ಥಿಯ ಹೆಗಲಿಗೆ ಹೊರಿಸುವುದು ನ್ಯಾಯವಲ್ಲ. 2024ರ ಜನವರಿಯಲ್ಲಿ ಚಾಲನೆಗೊಂಡ ಯುವನಿಧಿ ಯೋಜನೆ ಪದವಿ ಮುಗಿಸಿಯೂ ನೌಕರಿ ಸಿಗದವರಿಗಾಗಿ ರೂಪುಗೊಂಡಿದ್ದು. ಓದುತ್ತಿರುವವರಿಗೆ ಅದು ಅನ್ವಯಿಸದು. ಗಡಿಯಾಚೆಯ ಸಾತಾರಾದಲ್ಲಿ ಕರ್ಮವೀರ ಭಾವೂರಾವ್ ಪಾಟೀಲರು 1919ರಲ್ಲಿ ಕಟ್ಟಿದ ರಯತ್ ಶಿಕ್ಷಣ ಸಂಸ್ಥೆಯು ಗಳಿಸುತ್ತ ಕಲಿಯುವ ಪದ್ಧತಿಗೆ ಹೆಸರಾಯಿತು. ಅಲ್ಲಿ ಕೆಲಸ ಕೊಡುವ ಮಾಲೀಕ ಶಿಕ್ಷಣ ಸಂಸ್ಥೆಯೇ ಆದ್ದರಿಂದ ಬಡ ವಿದ್ಯಾರ್ಥಿ ಅಪರಿಚಿತರ ಮೊರೆ ಹೋಗಬೇಕಾಗಲಿಲ್ಲ.

ರಾಮದುರ್ಗ, ಸವದತ್ತಿ, ಬೈಲಹೊಂಗಲ ಭಾಗದ ಕಾಲೇಜುಗಳಿಗೂ ಇದು ಅಸಾಧ್ಯವೇನಲ್ಲ. ಗ್ರಂಥಾಲಯ, ಪ್ರಯೋಗಾಲಯ, ಕಚೇರಿಯ ಗಣಕಯಂತ್ರದ ಕೆಲಸಗಳಲ್ಲಿ ದಿನಕ್ಕೆ ಎರಡು ತಾಸು ವಿದ್ಯಾರ್ಥಿಗಳಿಗೆ ಮೀಸಲಿಡಬಹುದು. ಸ್ಥಳೀಯ ಅಂಗಡಿ, ಸಹಕಾರ ಸಂಘ, ನೇಕಾರಿಕೆ ಘಟಕಗಳಲ್ಲಿನ ಕೆಲಸವನ್ನು ಪರಿಶೀಲಿಸಿ ಸೂಚನಾ ಫಲಕಕ್ಕೆ ಹಾಕಬಹುದು. ಪರಿಚಿತ ಮಾಲೀಕರು ಊರಿನಲ್ಲೇ ಸಿಕ್ಕರೆ, ವಿಳಾಸವಿಲ್ಲದವರ ಮಾತಿಗೆ ಕಿವಿಗೊಡುವ ಅನಿವಾರ್ಯ ಸುರೇಬಾನದ ಹುಡುಗ ಹುಡುಗಿಯರಿಗೆ ಬಾರದು.