ಹೆಸರಿಗಿಂತ ಹದ ಮೇಲು



ಜೇಬಿನಲ್ಲಿಟ್ಟುಕೊಳ್ಳುವ ಮಡಚುವ ಚಾಕುವಿನ ಬಗ್ಗೆ ನಿವೃತ್ತ ಮೇಷ್ಟರೊಬ್ಬರು ಇಷ್ಟುದ್ದ ಬರೆಯಬೇಕೇ ಎಂದು ನಿಮ್ಮಲ್ಲಿ ಕೆಲವರು ಹುಬ್ಬೇರಿಸಬಹುದು. ಆದರೆ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಈ ಹವ್ಯಾಸ ಹಬ್ಬುತ್ತಿರುವುದನ್ನು ಕೆಲವು ವರ್ಷಗಳಿಂದ ಗಮನಿಸುತ್ತಿದ್ದೇನೆ. ಹೊರದೇಶದಿಂದ ರಜೆಗೆ ಬಂದವರು, ಇಲ್ಲಿಯೇ ಒಳ್ಳೆಯ ಉದ್ಯೋಗದಲ್ಲಿರುವವರು ತಮ್ಮ ಸಂಗ್ರಹದ ವಿಷಯ ಬಂದರೆ ಸಾಕು, "ಸಾರ್, ಇದು ಡಿ-2, ಇದು ಎಸ್-30-ವಿ, ಇದು ಮ್ಯಾಗ್ನಾಕಟ್" ಎಂದು ಉಕ್ಕಿನ ಹೆಸರುಗಳನ್ನು ಮಗ್ಗಿಯಂತೆ ಒಪ್ಪಿಸುತ್ತಾರೆ. "ಇದರಿಂದ ಏನು ಕತ್ತರಿಸಿದ್ದೀಯಪ್ಪಾ?" ಎಂದು ಕೇಳಿದರೆ ಮಾತ್ರ ಉತ್ತರವಿಲ್ಲ. ಮೊಂಡಾದರೆ ಮಸೆಯಲು ಬರುತ್ತದೆಯೇ ಎಂದರೆ ಅದಕ್ಕೂ ಉತ್ತರವಿಲ್ಲ.

ಹವ್ಯಾಸ ಕೆಟ್ಟದ್ದಲ್ಲ. ಕೈಗೆ ಒಗ್ಗುವ ಒಂದು ಒಳ್ಳೆಯ ಸಾಧನವನ್ನು ಮೆಚ್ಚುವುದು ಸಂಸ್ಕಾರದ ಲಕ್ಷಣವೇ. ನನ್ನ ತಕರಾರು ಬೇರೆ. ಚಾಕುವಿನ ಗುಣವು ಉಕ್ಕಿನ ಹೆಸರಿನಲ್ಲಿಲ್ಲ. ಅದು ಉಕ್ಕಿಗೆ ಕೊಟ್ಟ ಹದದಲ್ಲಿದೆ, ಕೀಲಿನ ಬಿಗಿಯಲ್ಲಿದೆ, ಕೊನೆಗೆ ಒಡೆಯನ ಸಾಣೆಕಲ್ಲಿನಲ್ಲಿದೆ. ಹೆಸರನ್ನು ಹಣ ಕೊಟ್ಟು ಕೊಳ್ಳಬಹುದು. ಉಳಿದುದನ್ನು ತಿಳಿದುಕೊಳ್ಳಬೇಕು, ಕಲಿಯಬೇಕು.

ಹದ ಎಂಬುದು ನಮ್ಮ ಭಾಷೆಯ ದೊಡ್ಡ ಮಾತು. ಮಣ್ಣಿಗೆ ಹದವಿದೆ, ಪಾಕಕ್ಕೆ ಹದವಿದೆ, ಉಕ್ಕಿಗೂ ಹದವಿದೆ. ಸಾದಾ ಇಂಗಾಲದ ಉಕ್ಕನ್ನು ಸುಮಾರು 800 ಡಿಗ್ರಿ ಸೆಲ್ಸಿಯಸ್‌ವರೆಗೆ ಕೆಂಪಗೆ ಕಾಯಿಸಿ ನೀರಿನಲ್ಲೋ ಎಣ್ಣೆಯಲ್ಲೋ ಅದ್ದಿದರೆ ಅದು ಗಾಜಿನಂತೆ ಗಡಸಾಗುತ್ತದೆ, ಗಾಜಿನಂತೆಯೇ ಪೆಡಸಾಗಿ ಮುರಿಯುತ್ತದೆ. ಅದನ್ನು ಮತ್ತೆ 200 ಡಿಗ್ರಿಯ ಆಸುಪಾಸಿನಲ್ಲಿ ನಿಧಾನವಾಗಿ ಕಾಯಿಸಿದಾಗ ಗಡಸುತನ ಸ್ವಲ್ಪ ಇಳಿದು ತಾಳಿಕೆ ಬರುತ್ತದೆ. ಈ ಎರಡನೆಯ ಕಾವಿನಲ್ಲಿಯೇ ಅಲಗಿನ ಹಣೆಬರಹವಿದೆ. ಕಾವು ಕಡಿಮೆಯಾದರೆ ಅಂಚು ಚಕ್ಕೆಯೇಳುತ್ತದೆ, ಹೆಚ್ಚಾದರೆ ಬೇಗ ಮೊಂಡಾಗುತ್ತದೆ. ಒಂದೇ ಪಠ್ಯಪುಸ್ತಕ ಓದಿದ ಇಬ್ಬರು ಹುಡುಗರು ಒಂದೇ ರೀತಿ ಆಗುವುದಿಲ್ಲವಷ್ಟೇ? ಉಕ್ಕಿನ ಮಾತೂ ಹಾಗೆಯೇ.

ಡಿ-2 ಉಕ್ಕನ್ನೇ ತೆಗೆದುಕೊಳ್ಳಿ. ಅದರಲ್ಲಿ ಇಂಗಾಲ ಸುಮಾರು ಶೇ. 1.5, ಕ್ರೋಮಿಯಂ ಸುಮಾರು ಶೇ. 12. ಚಾಕುಪ್ರಿಯರು ಇದನ್ನು ವಿದೇಶದ ವಿಶೇಷ ವಸ್ತುವೆಂಬಂತೆ ಹೇಳುತ್ತಾರೆ. ವಾಸ್ತವವಾಗಿ ಅದು ತಗಡು ಕತ್ತರಿಸುವ ಡೈಗಳಿಗೆಂದು ಹುಟ್ಟಿದ ಉಕ್ಕು. ರಾಜಾಜಿನಗರದ ಕೈಗಾರಿಕಾ ವಸಾಹತಿನಲ್ಲಿ, ಕಾಮಾಕ್ಷಿಪಾಳ್ಯದ ಗಲ್ಲಿಗಳಲ್ಲಿ, ಪೀಣ್ಯದಲ್ಲಿ ಟೂಲ್ ರೂಮ್ ಕೆಲಸ ಮಾಡಿದವರಿಗೆ ಈ ಜಾತಿಯ ಉಕ್ಕು ಎಚ್‌ಸಿಎಚ್‌ಸಿಆರ್ ಎಂಬ ಹೆಸರಿನಲ್ಲಿ ಚಿರಪರಿಚಿತ. ಒಂದೇ ಡಿ-2 ಒಬ್ಬರ ಕುಲುಮೆಯಲ್ಲಿ ಉತ್ತಮ ಅಲಗಾಗುತ್ತದೆ, ಇನ್ನೊಬ್ಬರ ಕುಲುಮೆಯಲ್ಲಿ ಚಕ್ಕೆಯೇಳುವ ತಗಡಾಗುತ್ತದೆ. ಅಲಗಿನ ಮೇಲೆ ಕೊರೆದ ಅಕ್ಷರ ಎರಡರಲ್ಲೂ ಒಂದೇ.

ಇದಕ್ಕೆ ಇತಿಹಾಸದಲ್ಲಿಯೂ ಸಾಕ್ಷಿಯಿದೆ, ಅದೂ ನಮ್ಮ ನಾಡಿಗೇ ಸಂಬಂಧಿಸಿದ್ದು. ವಿಜಯನಗರ, ಬಸವೇಶ್ವರನಗರಗಳ ನಡುವೆ ಹಾದುಹೋಗುವ ಮಾಗಡಿ ರಸ್ತೆಯಲ್ಲಿ ದಿನವೂ ಓಡಾಡುವ ನಮಗೆ, ಆ ರಸ್ತೆ ತಲುಪುವ ಸೀಮೆಯಲ್ಲಿ ಒಂದು ಕಾಲಕ್ಕೆ ಕಬ್ಬಿಣದ ಕುಲುಮೆಗಳು ಉರಿಯುತ್ತಿದ್ದವೆಂಬುದು ನೆನಪಿಲ್ಲ. ಟಿಪ್ಪುವಿನ ಪತನಾನಂತರ, 1800ರಲ್ಲಿ, ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಮಾಗಡಿಯ ಕಡೆ ಕಬ್ಬಿಣ ಕರಗಿಸುವ ಕ್ರಮವನ್ನೂ, ಈಗಿನ ತುಮಕೂರು ಜಿಲ್ಲೆಯ ಚನ್ನರಾಯನದುರ್ಗದ ಕಡೆ ಮಣ್ಣಿನ ಮೂಸೆಗಳಲ್ಲಿ ಉಕ್ಕು ಮಾಡುವ ಕ್ರಮವನ್ನೂ ಬರೆದಿಟ್ಟಿದ್ದಾನೆ. ಕಬ್ಬಿಣದ ತುಂಡಿನ ಜೊತೆ ತಂಗಡಿ ಗಿಡದ ಕಡ್ಡಿಯನ್ನೂ ಹಸಿರೆಲೆಗಳನ್ನೂ ಮೂಸೆಗೆ ಹಾಕಿ, ಬಾಯಿ ಮುಚ್ಚಿ ಕಾಯಿಸುತ್ತಿದ್ದರು. ಕಡ್ಡಿಯ ಇಂಗಾಲ ಕಬ್ಬಿಣವನ್ನು ಸೇರಿ ಉಕ್ಕಾಗುತ್ತಿತ್ತು. ದಕ್ಷಿಣ ಭಾರತದ ಈ ಮೂಸೆಯ ಉಕ್ಕನ್ನು ಯುರೋಪಿನವರು ವೂಟ್ಸ್ ಎಂದು ಕರೆದರು. ಆ ಹೆಸರು ನಮ್ಮ "ಉಕ್ಕು" ಶಬ್ದದಿಂದಲೇ ಹುಟ್ಟಿತೆಂದು ವಿದ್ವಾಂಸರಲ್ಲಿ ಬಹುಮಂದಿಯ ಅಭಿಪ್ರಾಯ.

ಆ ವೂಟ್ಸ್ ಲಂಡನ್ನಿಗೆ ಹೋದಾಗ ಏನಾಯಿತು? 1795ರಲ್ಲಿ ಜಾರ್ಜ್ ಪಿಯರ್ಸನ್ ಅಲ್ಲಿನ ರಾಯಲ್ ಸೊಸೈಟಿಯಲ್ಲಿ ಅದರ ಮೇಲೆ ಪ್ರಬಂಧ ಮಂಡಿಸಿದರು. ಜೇಮ್ಸ್ ಸ್ಟೋಡಾರ್ಟ್ ಎಂಬ ಚಾಕು ತಯಾರಕರು ಅದರ ಒಂದು ತುಂಡಿನಿಂದ ಪೆನ್‌ನೈಫ್ ಮಾಡಿದ ಸಂಗತಿ ಅದರಲ್ಲಿದೆ. ಗರಿಯ ಲೇಖನಿ ಕೆತ್ತುವ ಪುಟ್ಟ ಚಾಕುವೇ ಪೆನ್‌ನೈಫ್. ಜೇಬಿನ ಚಾಕುವಿಗೆ ಇಂಗ್ಲಿಷಿನಲ್ಲಿ ಇಂದಿಗೂ ಅದೇ ಹೆಸರು. ವೂಟ್ಸ್ ಬಡಿಯಲು ಬಹಳ ತ್ರಾಸದ ಉಕ್ಕು; ತಮಗೆ ರೂಢಿಯಾದ ಹೆಚ್ಚು ಕಾವಿನಲ್ಲಿ ಬಡಿಯಹೊರಟವರಿಗೆ ಅದು ಪುಡಿಯಾಗುತ್ತಿತ್ತು. ಸ್ಟೋಡಾರ್ಟ್ ಕಡಿಮೆ ಕಾವಿನಲ್ಲಿ ತಾಳ್ಮೆಯಿಂದ ಬಡಿದು, ಹದ ಕೊಟ್ಟು ಗೆದ್ದರು. ಮುಂದೆ ಕಮ್ಮಾರನ ಮಗನೇ ಆಗಿದ್ದ ಮೈಕೆಲ್ ಫ್ಯಾರಡೆ ಇದೇ ಸ್ಟೋಡಾರ್ಟ್ ಜೊತೆಗೂಡಿ ಉಕ್ಕಿನ ಮಿಶ್ರಲೋಹಗಳ ಮೇಲೆ ಪ್ರಯೋಗ ನಡೆಸಿ 1820 ಮತ್ತು 1822ರಲ್ಲಿ ಫಲಿತಾಂಶ ಪ್ರಕಟಿಸಿದರು. ಸ್ಟೇನ್‌ಲೆಸ್ ಸ್ಟೀಲಿನ ಕಥೆಯೂ ಹೀಗೆಯೇ. 1913ರಲ್ಲಿ ಶೆಫೀಲ್ಡಿನ ಹ್ಯಾರಿ ಬ್ರಿಯರ್ಲಿ ಆ ಉಕ್ಕನ್ನು ಚಾಕು ತಯಾರಕರಿಗೆ ಕೊಟ್ಟಾಗ, ಅವರು ಹಳೆಯ ಪದ್ಧತಿಯಲ್ಲೇ ಮಾಡಹೋಗಿ ಸೋತು, ಕತ್ತರಿಸದ ಚಾಕು ಕಂಡುಹಿಡಿದವನೆಂದು ಅವರನ್ನೇ ಗೇಲಿ ಮಾಡಿದರಂತೆ. ಆ ಉಕ್ಕಿಗೆ ಒಪ್ಪುವ ಕಾವು ತಿಳಿದ ಮೇಲೆ ಅದು ಜಗತ್ತಿನ ಅಡುಗೆಮನೆಗಳನ್ನೆಲ್ಲ ಹೊಕ್ಕಿತು.

ಇನ್ನು ಕಟ್ಟುವಿಕೆಯ ಮಾತು. ಮಡಚುವ ಚಾಕುವಿನ ಪ್ರಾಣ ಕೀಲಿನಲ್ಲಿದೆ. ಹಳೆಯ ಮನೆಗಳ ಎಲೆಅಡಿಕೆ ತಟ್ಟೆಯಲ್ಲಿದ್ದ ಅಡಕೊತ್ತನ್ನು ನೆನಪಿಸಿಕೊಳ್ಳಿ. ಎರಡು ತಲೆಮಾರು ಅಡಿಕೆ ಕತ್ತರಿಸಿದರೂ ಒಳ್ಳೆಯ ಅಡಕೊತ್ತಿನ ಕೀಲು ಸಡಿಲವಾಗುತ್ತಿರಲಿಲ್ಲ. ಚಾಕು ಕೊಳ್ಳುವಾಗ ಅಲಗನ್ನು ಬಿಚ್ಚಿ, ಅದರ ಬೆನ್ನು ಹಿಡಿದು ಮೇಲೆ ಕೆಳಗೆ, ಎಡ ಬಲಕ್ಕೆ ಅಲುಗಿಸಿ ನೋಡಿ; ಕಟಕಟ ಎಂದರೆ ಬಿಟ್ಟುಬಿಡಿ. ಮಡಚಿದಾಗ ಅಲಗು ಹಿಡಿಯ ಎರಡು ಪಕ್ಕೆಗಳ ನಡುವೆ ಸರಿಯಾಗಿ ಕೂರಬೇಕು. ಲಾಕ್ ಇರುವ ಚಾಕುವಾದರೆ, ಕೆಲಸದ ನಡುವೆ ಅದು ತಾನಾಗಿ ಜಾರಿ ಬೆರಳಿನ ಮೇಲೆ ಮುಚ್ಚಬಾರದು. ಕೀಲಿಗೆ ತಿರುಪು ಇದ್ದರೆ ಬಿಗಿ ಮಾಡಿಕೊಳ್ಳಬಹುದು. ಅಗ್ಗದ ರಿವೆಟ್ ಸಡಿಲವಾದರೆ ಆ ಚಾಕು ಕಸಕ್ಕೆ.

ಒಳ್ಳೆಯ ಚಾಕು ದುಬಾರಿಯೇ ಆಗಬೇಕೆಂದಿಲ್ಲ. ಫ್ರಾನ್ಸಿನ ಸವೊಯ್ ಪ್ರಾಂತದಲ್ಲಿ ಜೋಸೆಫ್ ಒಪಿನೆಲ್ 1890ರಲ್ಲಿ ರೂಪಿಸಿದ ಮರದ ಹಿಡಿಯ ಸರಳ ಚಾಕು ರೈತಾಪಿ ಜನರ ಜೇಬಿನಲ್ಲಿ ಬೆಳೆದದ್ದು. 1955ರಲ್ಲಿ ಅದಕ್ಕೆ ತಿರುಗಿಸಿ ಭದ್ರಪಡಿಸುವ ಉಂಗುರ ಸೇರಿತು, ಇಂದಿಗೂ ಹಾಗೆಯೇ ತಯಾರಾಗುತ್ತಿದೆ. ಸ್ವಿಟ್ಜರ್ಲೆಂಡಿನ ಕಾರ್ಲ್ ಎಲ್ಸೆನರ್ 1891ರಲ್ಲಿ ಸೈನಿಕರಿಗೆ ಚಾಕು ಒದಗಿಸತೊಡಗಿದರು. ಆ ಸಂಸ್ಥೆಯೇ ಇಂದಿನ ವಿಕ್ಟೋರಿನಾಕ್ಸ್. ಅದರ ಅಲಗಿನ ಗಡಸುತನ ರಾಕ್‌ವೆಲ್ ಮಾಪನದಲ್ಲಿ ಸುಮಾರು 56. ಹವ್ಯಾಸಿಗಳು ಇದನ್ನು "ಮೆದು" ಎಂದು ಮೂಗು ಮುರಿಯುತ್ತಾರೆ. ಆದರೆ ಆ ಮೆದುತನದಿಂದಲೇ ಅದು ಮನೆಯ ಸಾದಾ ಕಲ್ಲಿನ ಮೇಲೆ ಹತ್ತು ನಿಮಿಷದಲ್ಲಿ ಹರಿತವಾಗುತ್ತದೆ. ಶೇ. 4ರಷ್ಟು ವೆನೇಡಿಯಂ ಇರುವ ಎಸ್-30-ವಿ ಹೆಚ್ಚು ದಿನ ಹರಿತ ಉಳಿಸಿಕೊಳ್ಳುವುದು ನಿಜ. ಒಮ್ಮೆ ಮೊಂಡಾದರೆ ಸಾದಾ ಕಲ್ಲಿಗೆ ಸುಲಭವಾಗಿ ಬಗ್ಗದಿರುವುದೂ ಅಷ್ಟೇ ನಿಜ. ಮಸೆಯಲು ಬಾರದವನ ಕೈಯಲ್ಲಿ ಅತ್ಯುತ್ತಮ ಉಕ್ಕು ಮೊದಲ ಸಲ ಮೊಂಡಾಗುವವರೆಗೆ ಮಾತ್ರ ಉತ್ತಮ. ಚಿನ್ನದ ಸೂಜಿಯೆಂದು ಕಣ್ಣು ಚುಚ್ಚಿಕೊಳ್ಳಲಾಗದು.

ಆದ್ದರಿಂದ ಚಾಕುವಿಗಿಂತ ಮೊದಲು ಸಾಣೆಕಲ್ಲು ಕೊಳ್ಳಿ. ಒಂದು ಮುಖ ಒರಟು, ಇನ್ನೊಂದು ಮುಖ ನಯವಾಗಿರುವ ಕಾರ್ಬೊರಂಡಂ ಕಲ್ಲು ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುತ್ತದೆ. ಎಷ್ಟು ಓರೆಯಲ್ಲಿ ಹಿಡಿಯಬೇಕು? ಕಾಗದದ ಮೂಲೆ 90 ಡಿಗ್ರಿ. ಒಮ್ಮೆ ಮಡಚಿದರೆ 45, ಇನ್ನೊಮ್ಮೆ ಮಡಚಿದರೆ 22.5. ಅದಕ್ಕಿಂತ ತುಸು ತಗ್ಗಿಸಿ ಹಿಡಿದರೆ ಸಾಕು. ಕಲ್ಲಿಗೆ ನೀರು ಹಾಕಿ, ಆ ಓರೆ ಕೆಡದಂತೆ ಒಂದು ಪಕ್ಕೆಯನ್ನು ಮಸೆಯಿರಿ. ಎದುರು ಪಕ್ಕೆಯ ಅಂಚಿನಲ್ಲಿ ಉದ್ದಕ್ಕೂ ಸಣ್ಣ ಲೋಹದ ಎಳೆ ಬೆರಳಿಗೆ ತಡೆಯುತ್ತದೆ; ಕಾರ್ಖಾನೆಯವರು ಅದನ್ನು ಬರ್ ಎನ್ನುತ್ತಾರೆ. ಅದು ಬಂದ ಮೇಲಷ್ಟೇ ಪಕ್ಕೆ ಬದಲಿಸಿ. ಆಮೇಲೆ ನಯ ಮುಖದ ಮೇಲೆ ಹಗುರವಾಗಿ ಎಳೆದು, ಹಳೆಯ ತೊಗಲಿನ ಬೆಲ್ಟಿನ ಮೇಲೆ ಅಲಗಿನ ಬೆನ್ನು ಮುಂದಾಗಿ ಉಜ್ಜಿದರೆ ಆ ಎಳೆ ಹೋಗುತ್ತದೆ. ಪರೀಕ್ಷೆಗೆ ದಿನಪತ್ರಿಕೆಯ ಒಂದು ಹಾಳೆ ಸಾಕು.

ಬೀದಿಯಲ್ಲಿ ಸಾಣೆ ಹಿಡಿಯುವವರು ಕೂಗಿಕೊಂಡು ಬಂದರೆ ಅವರಿಗೂ ಕೆಲಸ ಕೊಡಿ. ಕತ್ತರಿ, ಅಡುಗೆಮನೆಯ ಚಾಕು ಅವರ ಕೈಯಲ್ಲಿ ಚೆನ್ನಾಗಿಯೇ ಆಗುತ್ತವೆ. ಆದರೆ ಒಣ ಚಕ್ರಕ್ಕೆ ಒತ್ತಿ ಹಿಡಿದ ತೆಳ್ಳನೆಯ ಅಲಗಿನ ಅಂಚು ಕ್ಷಣದಲ್ಲಿ ಕಾಯುತ್ತದೆ. ಅಲ್ಲಿ ನೀಲಿ ಬಣ್ಣ ಮೂಡಿತೆಂದರೆ ಅದು 300 ಡಿಗ್ರಿಯ ಹತ್ತಿರ ಹೋಯಿತೆಂದೇ ಅರ್ಥ. ಸಾದಾ ಇಂಗಾಲದ ಉಕ್ಕಾದರೆ ಆ ಭಾಗದ ಹದ ಇಳಿಯಿತು. ಜೇಬಿನ ಚಾಕುವನ್ನು ನೀವೇ ಮಸೆಯುವುದು ಲೇಸು.

ಚಾಕುವೆಂದರೆ ರೌಡಿಗಳ ವಸ್ತುವೆಂದು ಹೆದರುವ ಬಂಧುಗಳಿಗೂ ಒಂದು ಮಾತು. ರಾಂಪುರಿ ಚಾಕುವಿಗೆ ಹಿಂದಿ ಸಿನಿಮಾಗಳು ಅಂಟಿಸಿದ ಅಪಕೀರ್ತಿಯನ್ನು ಎಲ್ಲ ಚಾಕುಗಳಿಗೂ ಹಂಚಬೇಕಾಗಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ರಚಿತವಾದ ನಿಯಮಗಳು ಆಯುಧವೆಂದು ಪಟ್ಟಿ ಮಾಡಿರುವುದು 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗುಗಳನ್ನು. ಮನೆ, ಬೇಸಾಯ, ಕೈಗಾರಿಕೆಗಳ ಕೆಲಸಕ್ಕೆಂದು ಮಾಡಿದವು ಅದರಲ್ಲಿಯೂ ಹೊರತು. ಮೂರು ಅಂಗುಲದ ಚಾಕು ಮಾವಿನಹಣ್ಣಿಗೆ, ಪಾರ್ಸೆಲಿನ ಹಗ್ಗಕ್ಕೆ, ಪೆನ್ಸಿಲಿಗೆ. ಹಾಗೆಂದು ಎಲ್ಲೆಡೆ ಒಯ್ಯಬೇಡಿ. ಕೆಂಗೇರಿಗೆ ಮೆಟ್ರೋ ಹತ್ತುವ ದಿನ ಅದು ಮನೆಯಲ್ಲಿರಲಿ, ವಿಮಾನದಲ್ಲಿ ಕೈಚೀಲದಲ್ಲಿ ಬೇಡ, ಮಕ್ಕಳ ಶಾಲೆಯ ಚೀಲದಲ್ಲಂತೂ ಸುತರಾಂ ಬೇಡ. ಆದರೆ ಮನೆಯಲ್ಲಿ, ದೊಡ್ಡವರ ಕಣ್ಣೆದುರಿಗೆ, ಹತ್ತು ವರ್ಷ ದಾಟಿದ ಮಗುವಿಗೆ ಚಾಕು ಹಿಡಿಯುವುದನ್ನು ಕಲಿಸಿ. ಮೊಂಡು ಚಾಕುವಿಗೆ ಬಲ ಹಾಕಬೇಕಾಗುತ್ತದೆ, ಬಲ ಹಾಕಿದಾಗಲೇ ಕೈ ಜಾರುತ್ತದೆ. ಹರಿತದ ಭಯವೂ ಹರಿತದ ಗೌರವವೂ ಬೇರೆ ಬೇರೆ ಎಂಬುದು ಕೈಯಿಂದಲೇ ಕಲಿಯಬೇಕಾದ ಪಾಠ.

ಕೊನೆಯದಾಗಿ, ಕಾರ್ಖಾನೆಗಳಲ್ಲಿ ದುಡಿಯುತ್ತಿರುವ ನನ್ನ ಶಿಷ್ಯರಿಗೆ ಒಂದು ಕೋರಿಕೆ. ಡೈ ಮಾಡುವ ಉಕ್ಕು ನಿಮ್ಮ ಬಳಿಯಿದೆ, ಗ್ರೈಂಡಿಂಗ್ ಯಂತ್ರವಿದೆ, ಹದ ಕೊಡುವ ಕುಲುಮೆ ಪಕ್ಕದ ರಸ್ತೆಯಲ್ಲಿದೆ, ಕೂದಲೆಳೆಯಷ್ಟೂ ಸಡಿಲವಿಲ್ಲದಂತೆ ಕೀಲು ಕೂರಿಸುವ ಕೈ ನಿಮ್ಮದು. ಉಳಿದ ತುಂಡುಗಳಲ್ಲಿ, ಬಿಡುವಿನ ವೇಳೆಯಲ್ಲಿ, ಒಂದೇ ಒಂದು ಸರಳ ಚಾಕು ಮಾಡಿ ನೋಡಿ. ಅದರ ಮೇಲೆ ಯಾವ ಹೆಸರನ್ನೂ ಕೊರೆಯಬೇಡಿ. ಅದು ಟೊಮೇಟೊ ಸಿಪ್ಪೆಯನ್ನು ಒತ್ತಡವಿಲ್ಲದೆ ಕತ್ತರಿಸಿದರೆ, ಅದರ ಹೆಸರನ್ನು ಯಾರೂ ಕೇಳುವುದಿಲ್ಲ.